ಅಥಣಿ ಕುಸ್ತಿ, ನಿಪ್ಪಾಣಿ ಕುಸ್ತಿ

ಇತ್ತಿತ್ತಲಾಗ ಕಾಗವಾಡಕ್ಕ ಹೋಗಿದ್ದೆ. ಅಲ್ಲಿ ಒಂದು ತಾಲೀಮಿನವರು, ಅಂದ್ರ ಗರಡಿ ಮನಿಯವರು, ಕುಸ್ತಿ ಕಣಕ್ಕ ಹೊಸ ಮಣ್ಣು ಹಾಕೋರಿದ್ರು. ಹಳೇ ಪೈಲ್ವಾನರು ನಾಕ ಮಂದಿ ಬಂದು ಮೊದಲಿನ ಬುಟ್ಟಿ ಸುರೀಬೇಕು ಅಂತ ಅವರ ಆಸೆ. ನನಗೂ ಹೇಳಿಕಳಿಸಿದ್ರು. 'ಈಗಿನ ಹುಡುಗ್ರು ಮ್ಯಾಟಿನ ಮ್ಯಾಲ ಆಡತಾರ, ಮಣ್ಣ ಯಾಕ ಬೇಕಪಾ ನಿಮಗ?' ಅಂದೆ. 'ಬರ್ರಿ ಕಾಕಾ, ಮಣ್ಣಿನ ಮಜಾನ ಬ್ಯಾರೆ' ಅಂದ್ರು. ಹೋದೆ. ಕೆಂಪ ಮಣ್ಣು ಜರಡಿ ಹಿಡದು, ಅದಕ್ಕ ಮಜ್ಜಿಗಿ, ಒಳ್ಳೆಣ್ಣಿ, ಅರಿಷಿಣ, ಲಿಂಬಿ ರಸ ಹಾಕಿ ಕಲಸಾಕತ್ತಿದ್ರು. ಆ ವಾಸನಿ ಮೂಗಿಗೆ ಬಡದದ್ದ ತಡ, ನಿಂತಲ್ಲೇ ನಿಂತೆ. ಅರವತ್ತು ದಾಟಿದ ಮೊಣಕಾಲು, ಮೆಟ್ಟಲಾ ಹತ್ತಾಕ ಒಲ್ಲೆ ಅಂತಾವ, ಅವು ಸೈತ ತಾವಾಗೇ ಬಗ್ಗಿದ್ವು.

ಬಾಜೂಕ ಕುಂತಿದ್ದ ಒಬ್ಬ ಟೊಪ್ಪಿಗಿ ಮುದುಕ ನನ್ನ ದಿಟ್ಟಿಸಿ ನೋಡಿದ. 'ಕರೋಶಿ ಮಾರುತಿ ಅಲ್ಲೇನ್ರಿ ನೀವು?'

'ಹೌದ್ರಿ.'

'ದಿಗ್ಗೇವಾಡಿ ನೇಮಣ್ಣನ ಕೂಡ ಅಥಣ್ಯಾಗ ಆಡಿದ್ರಿ, ಮರುವರ್ಷ ನಿಪ್ಪಾಣ್ಯಾಗ ಆಡಿದ್ರಿ. ಎರಡೂ ನೋಡೇನಿ ನಾ. ಕುಸ್ತಿ ಅಂದ್ರ ನಿಪ್ಪಾಣಿದು! ಏನ ಎತ್ತಿ ಒಗದ್ರಿ ಮಾರಾಯರ!'

'ಏ, ಸುಮ್ಮನಿರೋ ಮಾರಾಯಾ,' ಅಂತ ಅಂವನ ಗೆಣೆಕಾರ ಬಾಯಿ ಹಾಕಿದ. 'ಚಾ ಕುಡಿಯೂದರಾಗ ಮುಗದ ಹೋದದ್ದು ಒಂದ ಕುಸ್ತಿ? ಅಥಣಿದು ನೋಡಪಾ. ತಾಸಿನ ಮ್ಯಾಲ ನಡೀತು, ಒಬ್ಬನೂ ಎದ್ದ ಹೋಗಲಿಲ್ಲ.'

ಇಬ್ಬರೂ ಹತ್ತಿದ್ರು ನೋಡ್ರಿ ಜಗಳಕ್ಕ. ನಾ ನಡುವ ಕುಂತೇನಿ, ಆಡಿದಾಂವ ನಾನ, ನನ್ನ ಒಬ್ಬರೂ ಕೇಳವಲ್ರು. ಇಷ್ಟ ವರ್ಷ ಆತು, ಚಿಕ್ಕೋಡಿ ಬಸ್‌ ಸ್ಟ್ಯಾಂಡಿನ ಚಾದಂಗಡ್ಯಾಗೂ ಇದ ಜಗಳ ಕೇಳೇನಿ, ರಾಯಬಾಗದ ಸಂತ್ಯಾಗೂ ಕೇಳೇನಿ. ಎಲ್ಲಾ ಕಡೆ ಸುಮ್ಮನಿದ್ದೇನಿ. ನಿಪ್ಪಾಣಿ ಕುಸ್ತಿ ಗೆದ್ದಾಂವ ನಾ. ಆದ್ರೂ ಅದನ್ನ ಯಾರರೆ ಹೊಗಳಿದ್ರ ನನಗ ಕೇಳಾಕ ಆಗೂದಿಲ್ಲ. ಒಂದ ಹೋಳಿ ಹುಣ್ಣಿವಿಯಿಂದ ಮತ್ತೊಂದ ಹೋಳಿ ಹುಣ್ಣಿವಿ ತನಕಾ ನಡದ ಮಾತದು. ಎಂಬತ್ತರ ದಶಕ ಮುಗ್ಯಾಕ ಬಂದಿತ್ತು.

ಆಗ ನನಗ ಇಪ್ಪತ್ನಾಕ ವಯಸ್ಸು. ಕರೋಶ್ಯಾಗ ನಮ್ಮದು ನಾಕ ಎಕರೆ ಕಬ್ಬು, ಎರಡ ಎಮ್ಮಿ. ಆ ಎಮ್ಮಿ ಹಾಲ ಒಂದ ಹನಿ ಹೊರಗ ಹೋಗತಿರಲಿಲ್ಲ, ಎಲ್ಲಾ ನನ್ನ ಹೊಟ್ಟಿಗೇ. 'ನಾ ಮೂರ ಎಮ್ಮಿ ಸಾಕೇನವಾ, ಅದರಾಗ ಒಂದು ಹಾಲ ಕೊಡೂದಿಲ್ಲ, ಬರೇ ಕುಡೀತೈತಿ' ಅಂತ ನಮ್ಮವ್ವ ಓಣಿ ಹೆಣ್ಣಮಕ್ಕಳ ಮುಂದ ನಗತಿದ್ಲು. ನನಗ ಕುಸ್ತಿ ಕಲಸಿದ ಗುರು ಬಾಬಾಲಾಲ ವಸ್ತಾದ. ಊರಿನ ತಾಲೀಮಿನ ಬಾಗಲದಾಗ ಒಂದು ಕಂಬಳಿ ಹಾಸಿಕೊಂಡ ಕುಂದರತಿದ್ರು. ಹೇಂತಿ ತೀರಿಕೊಂಡಿದ್ರು, ಮಕ್ಕಳಿರಲಿಲ್ಲ. ಆ ತಾಲೀಮ ಅವರ ಮನಿ, ಅಲ್ಲಿಗೆ ಬರೋ ಹುಡುಗ್ರ ಅವರ ಮಕ್ಕಳು.

ಅಥಣ್ಯಾಗ ಆ ವರ್ಷ ಹೋಳಿ ಹುಣ್ಣಿವಿಗೆ ದೊಡ್ಡ ಕುಸ್ತಿ ಮೈದಾನ ಇಟ್ಟಿದ್ರು. ಊರ ಹೊರಗ ಜ್ವಾಳಾ ಕೊಯ್ದ ಹೊಲ, ನಡುವ ಕಣ, ಸುತ್ತೂ ಹಗ್ಗ. ಕಡೀ ಕುಸ್ತಿಗೆ ನನ್ನ ಹೆಸರಿಗೆ ನೇಮಣ್ಣನ ಹೆಸರು ಕೂಡಿಸಿದ್ರು. ಅಂವ ದಿಗ್ಗೇವಾಡ್ಯಾಂವ, ಕೃಷ್ಣಾ ಹೊಳಿ ದಂಡಿ ಹೊಲದವ್ರು, ಜೈನರು. ತತ್ತಿ, ಮಾಂಸ ಮುಟ್ಟೂದಿಲ್ಲ, ಹೊತ್ತ ಮುಣಗಿದ ಮ್ಯಾಲ ಒಂದ ತುತ್ತ ಬಾಯಿಗೆ ಹಾಕೂದಿಲ್ಲ. 'ಹಾಲ ತುಪ್ಪದ ಮೈ ಅದು, ಹತ್ತ ನಿಮಿಷ ಬಿಸಲಾಗ ನಿಂತ್ರ ಕರಗತೈತಿ' ಅಂತ ನಮ್ಮ ಮಂದಿ ನನ್ನ ಕಿವಿ ತುಂಬಿದ್ರು. ನಾನೂ ನಂಬಿದೆ. ಎಂಥಾ ಹುಚ್ಚಪ್ಯಾಲಿ ಇದ್ದೆ ನೋಡ್ರಿ.

ಕೈಗೆ ಕೈ ಹತ್ತಿದ ಮ್ಯಾಲ ಗೊತ್ತಾತು. ಬಲಗೈ ನನ್ನ ಕುತಿಗಿ ಮ್ಯಾಲಿಟ್ಟು ಮೈಭಾರ ಎಲ್ಲಾ ಅದರ ಮ್ಯಾಲ ಹಾಕತಿದ್ದ. ಅದ ಅಂವನ ಖಾಸ್ ಆಟ. ಹೆಗಲ ಮ್ಯಾಲ ಸಕ್ಕರಿ ಚೀಲಾ ಹೊತ್ತಕೊಂಡ ನಿಂತಂಗ ಆಗತಿತ್ತು ನನಗ. ಎರಡ ಸಲ ಮೊಣಕಾಲ ಊರಿದೆ, ಎರಡ ಸಲ ಜಾರಿ ತಪ್ಪಿಸಿಕೊಂಡೆ. ಒಮ್ಮೆ ನಾ ಅಂವನ ನಡಾ ಹಿಡದು ಎತ್ತಿ ಒಗದೆ, ಬೆನ್ನ ಮ್ಯಾಲ ಬೀಳಬೇಕಾದಾಂವ ಗಾಳ್ಯಾಗ ಹೊಳ್ಳಿ ಹೊಟ್ಟಿ ಮ್ಯಾಲ ಬಿದ್ದ. ಮತ್ತೊಮ್ಮೆ ಅಂವ ನನ್ನ ಕೆಳಗ ಕೆಡವಿ ಹೊಳ್ಳಸಾಕ ಹತ್ತಿದಾಗ, ನನ್ನ ಬೆನ್ನಿಗೂ ಮಣ್ಣಿಗೂ ನಡುವ ಒಂದ ಬಟ್ಟಿನಷ್ಟ ಜಾಗಾ ಉಳದಿತ್ತು. ಅಲ್ಲಿಂದ ಎದ್ದ ಬಂದೆ. ಹೆಂಗ ಎದ್ದೆ ಅಂತ ಇವತ್ತಿಗೂ ನನಗ ಗೊತ್ತಿಲ್ಲ.

ಮೊದಮೊದಲು ಮಂದಿ ಒದರತಿದ್ರು, ಹಲಗಿ ಬಾರಸತಿದ್ರು. ಅರ್ಧಾ ತಾಸಿನ ಮ್ಯಾಲ ಹಲಗಿ ಬಂದ್ ಆತು. ಹಲಗಿಯವರೂ ಬಾರಸೂದ ಬಿಟ್ಟು ನೋಡಾಕ ನಿಂತಿದ್ರು. ಅಷ್ಟ ಸಾವಿರ ಮಂದ್ಯಾಗ ನಮ್ಮಿಬ್ಬರ ಉಸರ ನಮಗ ಕೇಳತಿತ್ತು. ಅಂವ ಏನ ಮಾಡತಾನ ನನಗ ಗೊತ್ತಿಲ್ಲ, ನಾ ಏನ ಮಾಡತೇನಿ ಅಂವಗ ಗೊತ್ತಿಲ್ಲ. ಇಬ್ಬರೂ ಕತ್ತಲಿ ಮನ್ಯಾಗ ಬಾಗಲಾ ಹುಡಿಕಿದಂಗ ಒಬ್ಬರನೊಬ್ಬರು ಹುಡುಕತಿದ್ವಿ. ಅಂಜಿಕಿನೂ ಇತ್ತು, ಖರೇ ಹೇಳಬೇಕಂದ್ರ ಸುಖಾನೂ ಇತ್ತು. ಹೊತ್ತು ಮುಣಗಿತು. ಪಂಚರು ನಡುವ ಬಂದು ಇಬ್ಬರ ಕೈಯೂ ಎತ್ತಿ 'ಬರೋಬರಿ' ಅಂದ್ರು. ಫಲಿತಾಂಶ ಇಲ್ಲದ ಕುಸ್ತಿಗೆ ನಮ್ಮ ಮಂದಿ ಬೈಯದನ ಮನಿಗೆ ಹೋಗೂದಿಲ್ಲ. ಅವತ್ತ ಒಬ್ಬರೂ ಬೈಲಿಲ್ಲ.

ಆಮ್ಯಾಲ ಪಂಚರ ಮನಿ ಪಡಸಾಲ್ಯಾಗ ಊಟಕ್ಕ ಕುಂದರಿಸಿದ್ರು. ಬಿಸಿ ರೊಟ್ಟಿ, ಝುಣಕಾ, ಮೊಸರು, ಬೆಲ್ಲ, ತುಪ್ಪ. ನನಗ ಹೊಟ್ಟ್ಯಾಗ ಬೆಂಕಿ ಬಿದ್ದಿತ್ತು. ಕೈ ಹಾಕಬೇಕು ಅನ್ನೂದರಾಗ ನೋಡತೇನಿ, ನೇಮಣ್ಣ ಕಂಬಕ್ಕ ಆತು ಕುಂತಾನ, ತಾಟಿಲ್ಲ.

'ಉಣ್ಣೂದಿಲ್ಲೇನ್ರಿ?' ಅಂದೆ.

'ಹೊತ್ತ ಮುಣಗೈತಿ. ಇನ್ನ ನಾಳೆ ಮುಂಜಾನಿನ.'

ಅಂವ ಮುಂಜಾನಿ ಹತ್ತಕ್ಕ ಉಂಡಾಂವ. ನಾ ತಾಟ ಸರಿಸಿದೆ. ಅಂವ ಸಿಟ್ಟಿಗೆದ್ದ. 'ನನ್ನ ಸಲುವಾಗಿ ನೀವ್ಯಾಕ ಉಪಾಸ? ಉಣ್ರಿ ಸುಮ್ನ.'

'ತಾಸಗಟ್ಲೆ ನಿಮ್ಮ ಕೂಡ ಗುದ್ದಾಡಿ ಈಗ ನಿಮ್ಮ ಮುಂದ ಒಬ್ಬನ ಹೆಂಗ ಉಣ್ಣಲಿ? ಗಂಟಲಾಗ ಇಳೀಬೇಕಲ್ಲ!'

ಅಂವ ನಕ್ಕಬಿಟ್ಟ. ಮರುದಿನ ಹೊತ್ತ ಹೊಂಟ ಕೂಡ್ಲೆ ಇಬ್ಬರೂ ಕೂಡಿ ಉಂಡ್ವಿ. ಅಂವ ಎಂಟ ರೊಟ್ಟಿ, ನಾ ಒಂಬತ್ತು. 'ಇದರಾಗರೆ ಗೆದ್ದೆಲ್ಲ' ಅಂದ. ಬಸ್ಸ ಬರೂದರಾಗ 'ರಿ' ಹೋಗಿ 'ಲೇ' ಬಂದಿತ್ತು.

ಅವತ್ತ ಬಸ್‌ ಸ್ಟ್ಯಾಂಡಿನಾಗ ಅಂವನೇ ಮಾತ ತಗದ. 'ಮಾರುತಿ, ನಮ್ಮೂರಾಗ ನನಗ ಜೋಡ ಇಲ್ಲ. ಹುಡುಗ್ರು ಐದ ನಿಮಿಷಕ್ಕ ಮಲಗತಾವ. ನಿಮ್ಮೂರಾಗ?'

'ಅಲ್ಲೂ ಅದ ಹಾಡು.'

'ಹಂಗಾರ ನಾವಿಬ್ಬರೂ ಕೂಡಿ ಯಾಕ ಆಡಬಾರದು?'

ಕೇಳಿದ್ರ ಸರಳ ಮಾತು. ಆದ್ರ ನಮ್ಮ ಕಡೆ ಇದು ಮಾಡೋ ಕೆಲಸ ಅಲ್ಲ. ಬರೋಬರಿ ಆದ ಜೋಡ ಮತ್ತ ಕಣಕ್ಕ ಬರೂದ ಬರೂದು, ಮಂದಿ ಬಿಡೂದಿಲ್ಲ. ಅಲ್ಲೀ ತನಕಾ ಒಬ್ಬರ ಮುಖಾ ಒಬ್ಬರು ನೋಡಬಾರದು. ಕೂಡಿ ಚಾ ಕುಡದ್ರ ಸೈತ 'ನೂರಾ ಕುಸ್ತಿ' ಅಂತಾರ. ನೂರಾ ಅಂದ್ರ ಮೊದಲ ಮಾತಾಡಿಕೊಂಡು ಬೀಳೂದು, ಕಳ್ಳ ಕುಸ್ತಿ. ಒಮ್ಮೆ ಆ ಹೆಸರ ಬಂತಂದ್ರ ಪೈಲ್ವಾನನ್ನ ಯಾವ ಮೈದಾನಕ್ಕೂ ಕರಿಯೂದಿಲ್ಲ, ಅಂವನ ತಾಲೀಮಿಗೆ ಯಾರೂ ಮಕ್ಕಳನ್ನ ಕಳಸೂದಿಲ್ಲ. ಇಷ್ಟ ಗೊತ್ತಿದ್ದೂ ನಾವು ಆ ಕೆಲಸಾ ಮಾಡಿದ್ವಿ. ನಮ್ಮ ತಪ್ಪು ಅಲ್ಲಿಂದ ಚಾಲೂ ಆತು. ಆದ್ರ ನನಗ ಪುನಾ ಇಪ್ಪತ್ನಾಕ ವಯಸ್ಸಾದ್ರ ಪುನಾ ಅದನ್ನ ಮಾಡೇನು.

ನಮ್ಮ ಸೋದರಮಾವ ಲಗಮಣ್ಣನ ಹೊಲ ರಾಯಬಾಗದ ಹಾದ್ಯಾಗ ಇತ್ತು. ನೇಮಣ್ಣಗೂ ನನಗೂ ಅಲ್ಲಿಗೆ ಸೈಕಲ್ ಮ್ಯಾಲ ತಾಸಿನ ಹಾದಿ. ಹೊಲದ ನಟ್ಟನಡುವ ಹಿಂದ ಗಾಣ ಇದ್ದ ಜಾಗಾ, ಸಪಾಟ ನೆಲ. ನಾಕೂ ಕಡೆ ಆಳೆತ್ತರ ಕಬ್ಬು. ಒಳಗ ಯಾರದಾರ ಅಂತ ಬದುವಿನ ಮ್ಯಾಲ ನಿಂತ್ರೂ ಕಾಣತಿರಲಿಲ್ಲ. ಅಲ್ಲಿ ಅಗದು, ಮಣ್ಣ ತಂದ ಹಾಕಿ ಕಣಾ ಮಾಡಿದ್ವಿ. ವಾರದಾಗ ಒಂದ ದಿನಾ, ಗುರುವಾರ ಮಧ್ಯಾಹ್ನ ಕೂಡೂದು, ನೇಮಣ್ಣ ಹೊತ್ತ ಮುಣಗೂದರಾಗ ಮನಿ ಮುಟ್ಟಿ ಉಣ್ಣುವಂಗ ಬಿಡೂದು. ಮಾವಗ ಅಷ್ಟ ಹೇಳಿದ್ವಿ. 'ಏನರೆ ಮಾಡಕೋರಿ, ನನ್ನ ಕಬ್ಬ ಮುರದಿರೋ ಅಂದ್ರ ನಿಮ್ಮ ಕಾಲ ಮುರೀತೇನಿ' ಅಂದ.

ಮೊದಲನೇ ಗುರುವಾರ ಕಣದಾಗ ಇಳಿಯೂಕಿಂತ ಮೊದಲು ನೇಮಣ್ಣ ಒಂದು ಮುಷ್ಟಿ ಮಣ್ಣ ತಗೊಂಡು ನನ್ನ ಕೈಯಾಗ ಹಾಕಿದ.

'ಒಂದ ಮಾತೈತಿ ಮಾರುತಿ. ಇಲ್ಲಿ ಮುಚ್ಚಿ ಇಡೂದಿಲ್ಲ. ನಂಗ ಬರೂದೆಲ್ಲಾ ನಿನಗ ಗೊತ್ತಿರಬೇಕು, ನಿಂಗ ಬರೂದೆಲ್ಲಾ ನನಗ. ಮುಂದ ಕಣದಾಗ ಯಾರ ಬಿದ್ರೂ, ತಿಳಿಲಾರದಕ್ಕ ಬಿದ್ದೆ ಅಂತ ಆಗಬಾರದು. ಕಮ್ಮಿ ಬಿದ್ದೆ, ಅದಕ್ಕ ಬಿದ್ದೆ ಅಂತ ಆಗಬೇಕು. ಹೌದಲ್ಲೋ?'

'ಹೌದು,' ಅಂದೆ. ಆ ಮಣ್ಣ ಅಂವನ ಎದಿಗೆ ತಿಕ್ಕಿದೆ, ಅಂವ ನನ್ನ ಎದಿಗೆ ತಿಕ್ಕಿದ.

ಆ ಬ್ಯಾಸಗಿ ನೆನಸಿಕೊಂಡ್ರ ಈಗೂ ಮೈ ಹಗರ ಆಗತೈತಿ. ಕಬ್ಬಿನಾಗ ಗಾಳಿ ಆಡತಿರಲಿಲ್ಲ. ಬೆವರು ಧಾರಾಕಾರ. ಪಂಪಿನ ನೀರ ಹರ್ಯೂ ಕಾಲವ್ಯಾಗ ಮಲಗಿ, ಎದ್ದು, ಮತ್ತ ಹಿಡಿಯೂದು. ಅಂವ ಕುತಿಗಿ ಮ್ಯಾಲ ಭಾರ ಹಾಕೂದನ್ನ ಬಿಡಿಸಿ ಬಿಡಿಸಿ ತೋರಿಸಿದ. ಪಾದ ಎಲ್ಲಿಡಬೇಕು, ಉಸರ ಯಾವಾಗ ಬಿಡಬೇಕು, ಎಲ್ಲಾ. ನಾ ನಡಾ ಹಿಡಿಯೂದನ್ನ ತೋರಿಸಿದೆ. ಅಂವ ಭಾರ ಹಾಕಿದಾಗ ಎರಡೂ ಕೈಲೆ ಅಂವನ ಮೊಣಕೈ ಎತ್ತಿ ಹಿಡದು ತಡೀಬೇಕು ಅನ್ನೂದನ್ನ ಅಂವನೇ ಕಲಿಸಿದ್ದು. ತನ್ನ ಆಟಕ್ಕ ತಾನ ಮದ್ದ ಹೇಳಿಕೊಟ್ಟ ಮನಿಷ್ಯಾ ಅಂವ.

ಮಳಿಗಾಲದಾಗ ಕಣದಾಗ ನೀರ ನಿಂದರತಿತ್ತು. ತಾಡಪತ್ರಿ ಹೊಚ್ಚಿ, ಅದರ ಮ್ಯಾಲ ಕಬ್ಬಿನ ರವದಿ ಹಾಕಿ ಮಣ್ಣ ಕಾಯ್ದ್ವಿ. ಆಷಾಢದಾಗ ಕೃಷ್ಣಾ ಹೊಳಿ ಏರಿ ದಿಗ್ಗೇವಾಡಿ ಕಡೆ ಹಾದಿ ಮುಚ್ಚಿತು. ಎರಡ ಗುರುವಾರ ಅಂವ ಬರಲಿಲ್ಲ. ನಾ ಹೋಗಿ ಒಬ್ಬನ ಕುಂತ ಬಂದೆ. ಮೂರನೇ ಗುರುವಾರ, ಸೈಕಲ್ಲ ಹೆಗಲ ಮ್ಯಾಲ ಹೊತ್ತಕೊಂಡು, ಮೊಣಕಾಲ ತನಕಾ ರಾಡಿ ಮಾಡಿಕೊಂಡು ಬಂದ. 'ಏನೋ, ಈಸಿಕೊಂಡ ಬಂದ್ಯಾ?' ಅಂದೆ. 'ನೀ ದಾರಿ ಕಾಯತಿರತಿ ಅಂತ ಗೊತ್ತಿತ್ತಲ್ಲ' ಅಂದ. ಅವತ್ತ ಮಣ್ಣ ಹಸಿ ಇತ್ತು, ಆಡಲಿಲ್ಲ. ಕುಂತ ಶೇಂಗಾ ತಿಂದು, ಮಾತಾಡಿ ಹೋದ.

ದೀಪಾವಳಿ ಹೊತ್ತಿಗೆ ಸುದ್ದಿ ಬಂತು. ಮುಂದಿನ ಹೋಳಿಗೆ ನಿಪ್ಪಾಣ್ಯಾಗ ಮೈದಾನ, ಕಡೀ ಕುಸ್ತಿ ನಮ್ಮಿಬ್ಬರದು. ಈ ಸಲ ನಿಕಾಲಿ, ಅಂದ್ರ ಒಬ್ಬನ ಬೆನ್ನ ಮಣ್ಣಿಗೆ ಹತ್ತೋ ತನಕಾ ಬಿಡೂದಿಲ್ಲ. ಇಬ್ಬರಿಗೂ ಖುಷಿ ಆತು. ಆದ್ರ ಕಬ್ಬಿಗೆ ನಮ್ಮ ಖುಷಿ ಏನ ಗೊತ್ತು? ಪೌಷ ಬಂತು, ಫ್ಯಾಕ್ಟರಿಯಿಂದ ಕಬ್ಬ ಕಡಿಯೂ ಟೋಳಿ ಬಂತು. ಎರಡ ದಿನದಾಗ ಲಗಮಣ್ಣ ಮಾವನ ಹೊಲ ಬೋಳ. ನಟ್ಟನಡುವ ಕೆಂಪನ್ನ ಕಣಾ, ಊರಿಗೆಲ್ಲಾ ಕಾಣುವಂಗ. ಟೋಳಿಯವರು ನಕ್ಕೋತ ಕೇಳಿದ್ರು, ಮಾವ ತೊದಲಿದ. ಹಾದ್ಯಾಗ ನಮ್ಮಿಬ್ಬರ ಸೈಕಲ್ಲ ನೋಡಿದ್ದಾಂವ ಯಾರೋ ಒಬ್ಬ ಬಾಯಿ ಬಿಟ್ಟ. ವಾರದಾಗ ರಾಯಬಾಗದಿಂದ ಚಿಕ್ಕೋಡಿ ತನಕಾ ಒಂದ ಮಾತು: 'ಮಾರುತಿ ನೇಮಣ್ಣ ಕೂಡಿ ಆಡತಾರ. ಅಥಣಿದೂ ನೂರಾ, ನಿಪ್ಪಾಣಿದೂ ನೂರಾ.'

ಅಥಣಿದೂ ಅಂದದ್ದು ನನ್ನ ಎದಿಗೆ ನಟ್ಟಿತು. ಅಷ್ಟ ಖರೇ ಕೆಲಸಾ ನಾ ಜನಮದಾಗ ಮಾಡಿರಲಿಲ್ಲ.

ನಾವು ಹಟಕ್ಕ ಬಿದ್ವಿ. ಬಾಜೂ ತುಕಡಿ ಕಬ್ಬು ತಡಾ ಮಾಡಿ ಹಚ್ಚಿದ್ದು, ಇನ್ನೂ ನಿಂತಿತ್ತು. ಬುಟ್ಟಿಲೆ ಮಣ್ಣ ಹೊತ್ತು ಅದರೊಳಗ ಹೊಸ ಕಣಾ ಮಾಡಿದ್ವಿ. 'ಈಗ ಬಿಟ್ರ ತಪ್ಪ ಮಾಡೇವಿ ಅಂತ ನಾವ ಒಪ್ಪಿದಂಗ' ಅಂದ ನೇಮಣ್ಣ. ಅಂವನ ಮಾತು ಖರೇ. ಆದ್ರ ಈ ಕಡೆ ಕರೋಶಿ ತಾಲೀಮಿನಾಗ ಹುಡುಗ್ರು ಒಬ್ಬೊಬ್ಬರ ಬರೂದ ಬಿಟ್ರು. ಅವರ ಅಪ್ಪಗೋಳು ಕಳಸವಲ್ರು. ಬಾಬಾಲಾಲ ವಸ್ತಾದರು ಕಂಬಳಿ ಮ್ಯಾಲ ಕುಂತು ಖಾಲಿ ಕಣಾ ನೋಡತಿದ್ರು. ನನಗ ಒಂದ ಮಾತ ಅನಲಿಲ್ಲ. ಬೈದಿದ್ರ ಛಲೋ ಇತ್ತು.

ಸಂಕ್ರಾಂತಿ ದಿನ ಎಳ್ಳ ಬೆಲ್ಲ ಕೊಡಾಕ ಹೋದೆ. ತಗೊಂಡು ಬಾಯಾಗ ಹಾಕಿಕೊಂಡ್ರು. ಆಮ್ಯಾಲ ಅಂದ್ರು, 'ಬಾಗಲಾ ಹಾಕ, ಬೇಟಾ.'

ಹಾಕಿದೆ. ಕಣದಾಗ ಇಳದ್ರು. ಎಪ್ಪತ್ತರ ಮುದುಕ, ಲುಂಗಿ ಎತ್ತಿ ಕಟ್ಟಿದ್ರು.

ನಮ್ಮ ಕಡೆ ವಸ್ತಾದ ಆದಾಂವ ಎಲ್ಲಾ ಪಟ್ಟು ಹೇಳಿಕೊಡತಾನ, ಒಂದನ್ನ ಹೇಳೂದಿಲ್ಲ. ಅದನ್ನ ತನ್ನ ಕಡೀ ದಿವಸದಾಗ ಒಬ್ಬ ಶಿಷ್ಯಾಗ ಅಷ್ಟ ಕೊಡತಾನ. ಅವರಿಗೆ ಅವರ ವಸ್ತಾದ ಹಂಗ ಕೊಟ್ಟಿದ್ರಂತ. ನನಗ ಅಂಥಾದ್ದು ಸಿಗತೈತಿ ಅಂತ ಕನಸಿನಾಗೂ ಅನಕೊಂಡಿರಲಿಲ್ಲ. 'ನನ್ನ ಕುತಿಗಿ ಮ್ಯಾಲ ಭಾರ ಹಾಕ,' ಅಂದ್ರು. ಹಾಕಿದೆ. ತಡಿಯೂದ ಬಿಟ್ಟು ಸೋತವರಂಗ ಮೊಣಕಾಲ ಊರಿದ್ರು. ನಾ ಮುಂದ ಬಂದೆ. ಅಷ್ಟರಾಗ ಅವರ ಎಡಗೈ ನನ್ನ ಬಲಗಂಕಳದಾಗ ಹೊಕ್ಕಿತು. ಮುಂದ ನಾ ನೋಡಿದ್ದು ತಾಲೀಮಿನ ಜಂತಿ. ನನ್ನ ಭಾರನ ನನ್ನ ಒಗದಿತ್ತು.

'ಇದು ಹಾಕಿದ್ರ ಬಿದ್ದಾಂವ ಬೇಕಂತ ಬಿದ್ದ ಅಂತ ಯಾರೂ ಅನ್ನೂದಿಲ್ಲ,' ಅಂದ್ರು ವಸ್ತಾದರು. ಉಸರ ಬಿಡಾಕತ್ತಿದ್ರು. 'ನನ್ನ ತಾಲೀಮ ನಿನ್ನ ಕೈಯಾಗ ಐತಿ. ಕಣದಾಗ ಬಿಟ್ಟು ಎಲ್ಲೂ ತೋರಸಬ್ಯಾಡ. ನಿಮ್ಮವ್ವಗೂ ಹೇಳಬ್ಯಾಡ, ಆ ನೇಮಣ್ಣಗಂತೂ ಮೊದಲ ಬ್ಯಾಡ. ಮಣ್ಣ ಮುಟ್ಟಿ ಹೇಳ.'

ಮಣ್ಣ ಮುಟ್ಟಿದೆ. ಅದ ಕೈಯಾಗ ನೇಮಣ್ಣ ಹಾಕಿದ ಮಣ್ಣೂ ಹಿಡದಿದ್ದೆ. ಈ ಕಡೆ ಹೇಳಿದ್ರ ವಸ್ತಾದಗ ದ್ರೋಹ, ಆ ಕಡೆ ಮುಚ್ಚಿದ್ರ ಗೆಣೆಕಾರಗ ದ್ರೋಹ. ನಾ ಏನೂ ಮಾಡಲಿಲ್ಲ. ಸುಮ್ಮನಿದ್ದೆ. ಸುಮ್ಮನಿರೂದು ಅಂದ್ರ ಮುಚ್ಚಿದಂಗ ಅಂತ ತಿಳೀದಷ್ಟ ದಡ್ಡ ನಾ ಇರಲಿಲ್ಲ.

ಅಲ್ಲಿಂದ ಹೋಳಿಗೆ ಎಂಟ ಗುರುವಾರ. ಅಂವ ಬರತಿದ್ದ, ಆಡತಿದ್ವಿ. ಕುತಿಗಿ ಮ್ಯಾಲ ಭಾರ ಹಾಕತಿದ್ದ, ನಾ ಎರಡೂ ಕೈಲೆ ತಡೀತಿದ್ದೆ. ಆದ್ರ ಮೈಗೆ ಒಮ್ಮೆ ರುಚಿ ಹತ್ತಿದ್ರ ಬಿಡೂದಿಲ್ಲ ನೋಡ್ರಿ. ನನ್ನ ಎಡಗೈ ಅಂವನ ಕಂಕಳದ ಕಡೆ ಹೋಗತಿತ್ತು, ನಾ ಜಗ್ಗಿ ಹಿಂದ ತರತಿದ್ದೆ. ಹೋಗತಿತ್ತು, ಜಗ್ಗತಿದ್ದೆ. ಮನಿಗೆ ಹೋಗುಮುಂದ ಅಂವ ಪ್ರತಿ ಸಲ ಒಂದ ಮಾತ ಕೇಳತಿದ್ದ, 'ಏನರೆ ಹೊಸಾದೈತೇನೋ?' ಅದು ಮೊದಲಿನಿಂದ ಕೇಳೋ ಮಾತ, ಹೊಸಾದೇನಲ್ಲ. 'ಏನಿಲ್ಲೋ' ಅಂತಿದ್ದೆ. ಅಂವ ಸೈಕಲ್ಲ ಹತ್ತಿ ಹೋಗತಿದ್ದ.

ನಿಪ್ಪಾಣ್ಯಾಗ ಅವತ್ತ ಬಿಸಲ ಬೆಂಕಿ. ತಂಬಾಕ ಕಿತ್ತ ಹೊಲದಾಗ ಕಣಾ ಮಾಡಿದ್ರು, ಗಾಳ್ಯಾಗೆಲ್ಲಾ ಅದರ ಘಾಟು. ಅಥಣಿ ಕುಸ್ತಿ ನೋಡಿದಾವ್ರು, ಕೇಳಿದಾವ್ರು, ನೂರಾ ಅಂತ ಬೈಯಾಕ ಬಂದಾವ್ರು, ಎಲ್ಲಾ ಕೂಡಿ ಹೊಲ ಸಾಲಲಿಲ್ಲ. ಮಂದಿ ರೊಟ್ಟಿ ಗಂಟ ಕಟಗೊಂಡ ಬಂದಿದ್ರು, ಇನ್ನೊಂದ ತಾಸಿನ ಕುಸ್ತಿ ಅಂತ. ಸಲಾಮಿ ಹಾಕಿ ಕೈ ಕೂಡಿಸಿದ್ವಿ.

ಏನ ಹೇಳಲಿ? ಅಥಣ್ಯಾಗ ಕತ್ತಲಿ ಮನಿ ಇತ್ತಲ್ಲ, ಇಲ್ಲಿ ಎಲ್ಲಾ ಬೆಳಕು. ಅಂವನ ಕಾಲ ಎಲ್ಲಿ ಬರತೈತಿ ನನಗ ಗೊತ್ತು, ನನ್ನ ಕೈ ಎಲ್ಲಿ ಹೋಗತೈತಿ ಅಂವಗ ಗೊತ್ತು. ಅಂವ ಒಂದ ಹೆಜ್ಜಿ ಇಟ್ರ ನಾ ಮೊದಲ ಅಲ್ಲಿ ಇರತಿದ್ದೆ. ಐದ ನಿಮಿಷ ಬರೇ ಕೈ ಹಿಡಕೊಂಡು ನಿಂತ್ವಿ. ಇಬ್ಬರೂ ಹೆಣಗಾಡತಿದ್ವಿ, ಆದ್ರ ಹೊರಗಿನಾವಗ ಅದು ಕಾಣಬೇಕಲ್ಲ? ಮಂದಿ ಸಿಳ್ಳೆ ಹೊಡದ್ರು. 'ನೂರಾ! ನೂರಾ!' ಅಂತ ಒಂದ ಮೂಲ್ಯಾಗ ಎದ್ದ ಕೂಗು ಸುತ್ತೂ ಹಬ್ಬಿತು. 'ನಿಕಾಲ ಪಾಹಿಜೆ!', ಫಲಿತಾಂಶ ಬೇಕು ಅಂತ ಮರಾಠ್ಯಾಗ ಒದರಿದ್ರು. ಕಣದಾಗ ಚಪ್ಪಲಿ ಬಂದ ಬಿತ್ತು. ಹಗ್ಗದ ಆ ಕಡೆ ವಸ್ತಾದರು ತಲಿ ತಗ್ಗಿಸಿ ಕುಂತದ್ದು ಕಂಡಿತು.

ಆಗ ನೇಮಣ್ಣ ನನ್ನ ಕುತಿಗಿ ಮ್ಯಾಲ ಕೈ ಇಟ್ಟ. ಮೈಭಾರ ಎಲ್ಲಾ ಹಾಕಿದ. ವರ್ಷದಾಗ ಯಾವತ್ತೂ ಅಷ್ಟ ಹಾಕಿರಲಿಲ್ಲ. ನಾ ಎರಡೂ ಕೈಲೆ ತಡೀಬೇಕಿತ್ತು, ಅಂವ ಕಲಿಸಿದ್ದ ಹಂಗ. ನಾ ಮೊಣಕಾಲ ಊರಿದೆ.

ಅಂವನ ಬೆನ್ನ ಮಣ್ಣಿಗೆ ಬಡದ ಸಪ್ಪಳ ಮೈದಾನದ ತುದೀ ತನಕಾ ಕೇಳಿತಂತ. ಹತ್ತ ನಿಮಿಷನೂ ಆಗಿರಲಿಲ್ಲ. ಒಂದ ಗಳಿಗಿ ಮಂದಿಗೆ ಏನಾತು ಅಂತ ತಿಳೀಲಿಲ್ಲ, ಆಮ್ಯಾಲ ಹೊಲನ ಎದ್ದಿತು. ವಸ್ತಾದರು ಹೇಳಿದ್ದು ಖರೇ ಆತು, ಆ ಹೊಡತಾ ನೋಡಿದಾಂವ ಒಬ್ಬನೂ ಮತ್ತ ನೂರಾ ಅನಲಿಲ್ಲ. ಹಲಗಿ, ಗುಲಾಲು, ಬೆಳ್ಳಿ ಗದಾ.

ಕೈ ಕೊಟ್ಟು ನೇಮಣ್ಣನ್ನ ಎಬ್ಬಿಸಿದೆ. ಪಂಚರು ಬರೂಕಿಂತ ಮೊದಲ ಅಂವನೇ 'ಗೆದ್ದ ನೋಡ್ರಿ' ಅಂತ ನನ್ನ ಕೈ ಎತ್ತಿದ. ಆಮ್ಯಾಲ ನನ್ನ ಕಿವಿ ಹತ್ತರ ಬಂದು, ಸಣ್ಣ ದನಿಲೆ ಕೇಳಿದ.

'ಇದನ್ನ ಯಾವಾಗ ಕಲತಿ?'

'ಕಲತದ್ದಲ್ಲೋ. ಈಗ ಇಲ್ಲೇ ಹೊಳೀತು.'

ನನ್ನ ಮುಖಾ ನೋಡಿದ. 'ಹೌದಾ?'

'ಹೌದು.'

'ಛಲೋ ಹೊಳೀತು ಬಿಡು,' ಅಂದ. ಹೊತ್ತ ಇನ್ನೂ ಮ್ಯಾಲಿತ್ತು. ಅಂವನ ಮನಿಯವರು ಊಟಾ ಕಟಗೊಂಡ ಬಂದಿದ್ರು. ನಾ ಗುಲಾಲ ತೊಳಕೊಂಡು, ಇಬ್ಬರೂ ಕೂಡಿ ಉಣ್ಣೂಣು ಅಂತ ಹುಡಕಿಕೊಂಡ ಹೋದ್ರ ಅವರ ಗಾಡಿ ಹೊಂಟ ಹೋಗಿತ್ತು.

ಮುಂದಿನ ಗುರುವಾರ ಕಬ್ಬಿನಾಗ ಹೋಗಿ ಕುಂತೆ. ಬರಲಿಲ್ಲ. ಅದರ ಮುಂದಿನ ಗುರುವಾರನೂ ಹೋದೆ. 'ಬರಲಿಲ್ಲೇನೋ?' ಅಂದ ಮಾವ. 'ಇಲ್ಲ' ಅಂದೆ. ಮೂರನೇ ವಾರಕ್ಕ ಆ ತುಕಡೀನೂ ಕಡದ್ರು. ಕರೋಶಿ ತಾಲೀಮಿಗೆ ಹುಡುಗ್ರು ತಿರುಗಿ ಬಂದ್ರು, ವಸ್ತಾದರು ತಮ್ಮ ಪಟಕಾ ತಗದು ನನ್ನ ತಲಿಗೆ ಸುತ್ತಿದ್ರು. ದಿಗ್ಗೇವಾಡಿಗೆ ಹೋಗಿ ಖರೇ ಹೇಳಬೇಕು ಅಂತ ಎಷ್ಟ ಸಲ ಸೈಕಲ್ಲ ಹೊರಗ ತಗದೇನಿ. ವಸ್ತಾದರು ಬದುಕಿರೋ ತನಕಾ ಆ ಮಾತ ಬಾಯಿ ಬಿಡುವಂಗಿಲ್ಲ ಅಂತ ನನಗ ನಾನ ಸಮಾಧಾನ ಹೇಳಿಕೊಂಡು ಸೈಕಲ್ಲ ಒಳಗ ಇಡತಿದ್ದೆ. ಅದು ನೆಪ. ಅಂಜಿಕಿ ಇತ್ತು. ಆ ಪಟ್ಟ ಮತ್ತ ನಾ ಎಲ್ಲೂ ಹಾಕಲಿಲ್ಲ, ಯಾರಿಗೂ ಕಲಿಸಲೂ ಇಲ್ಲ. ಎರಡ ವರ್ಷದಾಗ ಕುಸ್ತಿನ ಬಿಟ್ಟೆ.

ವಸ್ತಾದರು ತೀರಿಕೊಂಡ್ರು. ಅದಾಗಿ ಒಂದೆರಡ ವರ್ಷ ಆಗಿರಬೇಕು, ತೊಂಬತ್ತರ ದಶಕದ ನಡುವ ಒಂದ ಹಂಗಾಮು. ಕಬ್ಬಿನ ಗಾಡಿ ಹೊಡಕೊಂಡ ಫ್ಯಾಕ್ಟರಿಗೆ ಹೋಗಿದ್ದೆ. ಆವಾರದಾಗ ಗಾಡಿ ಸಾಲು ಅರ್ಧಾ ಮೈಲಿ. ಮಧ್ಯಾಹ್ನದ ಬಿಸಲು. ನನ್ನ ಮುಂದಿನ ಗಾಡ್ಯಾಂವ ಎತ್ತಿಗೆ ನೀರ ಕುಡಸಾಕ ಇಳದ. ಕಿವಿ ನೋಡಿದ ಕೂಡ್ಲೆ ಗುರತ ಹಿಡದೆ. ಆ ಮುದ್ದಿ ಆದ ಕಿವಿ ಕುಸ್ತ್ಯಾಗ ನನ್ನ ತಲಿ ಬಡದ ಬಡದ ಆದದ್ದು.

'ನೇಮಣ್ಣಾ.'

ಹೊಳ್ಳಿ ನೋಡಿದ. 'ಓಹೋ, ಮಾರುತಿಯಪ್ಪನವರು. ಆರಾಮದೀರಿ?'

ಅಂವನ ಬಾಯಾಗ 'ಲೇ' ಹೋಗಿ ಪುನಾ 'ರಿ' ಬಂದಿತ್ತು. ಎಮ್ಮಿ ಎಷ್ಟದಾವು, ಮಕ್ಕಳ ಏನ ಓದತಾವು, ಕಬ್ಬು ಹೆಂಗೈತಿ, ಎಲ್ಲಾ ಕೇಳಿದ. ಹೇಳಿದೆ. ಸಾಲು ಒಂದಿಷ್ಟ ಮುಂದ ಸರೀತು, ಇಬ್ಬರೂ ಎತ್ತ ಹೊಡದ್ವಿ, ಮತ್ತ ನಿಂತ್ವಿ. ಇನ್ನ ಈಗ ಹೇಳಲಿಲ್ಲಂದ್ರ ಸಾಯೂ ತನಕಾ ಹೇಳೂದಿಲ್ಲ ಅನಿಸಿತು. ಗಾಡಿ ಇಳದು ಅಂವನ ಹತ್ತರ ಹೋದೆ.

'ನೇಮಣ್ಣಾ, ಅವತ್ತ ನಿಪ್ಪಾಣ್ಯಾಗ ನಾ ಸುಳ್ಳ ಹೇಳಿದೆ. ಅದು ಅಲ್ಲೇ ಹೊಳದದ್ದಲ್ಲ. ಸಂಕ್ರಾಂತಿ ದಿನಾ ವಸ್ತಾದರು ಕಲಿಸಿದ್ರು. ನಿನ್ನ ಮುಂದ ಮುಚ್ಚಿಟ್ಟೆ. ತಪ್ಪಾತು.'

ಅಂವ ಎತ್ತಿನ ಬೆನ್ನ ಸವರಾಕತ್ತಿದ್ದ, ಸವರೂದ ಬಿಡಲಿಲ್ಲ.

'ಗೊತ್ತಿತ್ತು,' ಅಂದ.

'ಏನ ಗೊತ್ತಿತ್ತು?'

'ಯಾವ ಪಟ್ಟ ಅಂತ ಗೊತ್ತಿರಲಿಲ್ಲ. ಏನೋ ಮುಚ್ಚಾಕತ್ತೀ ಅಂತ ಗೊತ್ತಿತ್ತು. ವರ್ಷಗಟ್ಲೆ ಹಿಡದ ಮೈ ಅದು, ತಿಳಿಯೂದಿಲ್ಲೇನ? ಸಂಕ್ರಾಂತಿ ಆದ ಮ್ಯಾಲ ನಿನ್ನ ಎಡಗೈ ಬಂದು ಬಂದು ಹಿಂದ ಹೋಗತಿತ್ತು.'

'ಗೊತ್ತಿದ್ದೂ ಕಣದಾಗ ನನ್ನ ಕುತಿಗಿ ಮ್ಯಾಲ ಯಾಕ ಭಾರ ಹಾಕಿದಿ?'

'ನನಗ ಬರೂದು ಅದೊಂದ ಅಲ್ಲೇನೋ. ಅದನ್ನ ಬಿಟ್ಟ ಆಡಿದ್ರ ನಾನೂ ಮುಚ್ಚಿದಂಗ ಆಗತಿತ್ತು.'

ಸಾಲು ಮತ್ತ ಸರೀತು. ಅಂವ ಗಾಡಿ ಹತ್ತಿ ಹಗ್ಗ ಹಿಡದ. ಎತ್ತ ಎರಡ ಹೆಜ್ಜಿ ಇಟ್ಟ ಮ್ಯಾಲ ಹೊಳ್ಳಿ ನೋಡಿದ.

'ಬಿದ್ದದ್ದಕ್ಕ ನನಗ ಏನೂ ಇಲ್ಲ ಮಾರುತಿ. ಆ ಎಂಟ ಗುರುವಾರ ಇದ್ವಲ್ಲ, ಇವತ್ತ ತೋರಸತಾನ, ಇವತ್ತ ತೋರಸತಾನ ಅಂತ ಅಷ್ಟ ದೂರ ಸೈಕಲ್ಲ ತುಳಕೊಂತ ಬರತಿದ್ದೆ.'

ಅಂವನ ಗಾಡಿ ಮುಂದ ಹೋತು. ನನ್ನ ಗಾಡಿ ಮುಂದ ಜಾಗಾ ಖಾಲಿ ಆತು. ಹಿಂದಿನಾಂವ 'ಹೊಡೀರಿ ಯಜಮಾನರ, ಹೊಡೀರಿ' ಅಂತ ಒದರತಿದ್ದ. ನಾ ಅಲ್ಲೇ ನೆಲದ ಮ್ಯಾಲ ನಿಂತಿದ್ದೆ.